ಕೆಂಚಿಯ ಮೂಗಿನೊಳಗಿನ ದೊಡ್ಡಿಗಳು

ಲೋಕ ಆಗಷ್ಟೇ ಹುಟ್ಟಿ ಇನ್ನೂ ಹಸಿಯಾಗಿತ್ತು. ಗುಡ್ಡದ ಮೇಲೆ ಬೆರಳಿಟ್ಟರೆ ಗುರುತು ಉಳಿಯುತ್ತಿತ್ತು. ಹೊಳೆಗಳಿಗೆ ತಮ್ಮ ದಾರಿಯೇ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನು ಕೇಳಿಕೊಂಡು ಹರಿಯುತ್ತಿದ್ದವು.

ಆಗಲೂ ಎಲ್ಲರಿಗೂ ಮೂಗಿತ್ತು. ಆದರೆ ಅದಕ್ಕೆ ಉಸಿರಾಡುವುದೊಂದೇ ಕೆಲಸ. ಹೂವಿನ ಹತ್ತಿರ ಹೋದರೂ ಅಷ್ಟೆ, ಹಿಕ್ಕೆಯ ಹತ್ತಿರ ಹೋದರೂ ಅಷ್ಟೆ. ಏನೋ ಬಂತು ಅನ್ನಿಸುತ್ತಿತ್ತು, ಏನು ಬಂತು ಅನ್ನುವುದು ಯಾರಿಗೂ ತಿಳಿಯುತ್ತಿರಲಿಲ್ಲ.

ಬಯಲುಸೀಮೆಯ ಹುಲ್ಲುಗಾವಲಿನಲ್ಲಿ ಮಾಳವ್ವ ಎಂಬವಳು ಕುರಿ ಕಾಯುತ್ತಿದ್ದಳು. ಅವಳದೊಂದು ದೊಡ್ಡಿ, ಅವಳ ಅತ್ತೆ ಹೊನ್ನವ್ವನದೊಂದು ದೊಡ್ಡಿ. ದೊಡ್ಡಿ ಅಂದರೆ ಮುಳ್ಳುಬೇಲಿ ಸುತ್ತಿದ ಕುರಿಗಳ ಮನೆ. ಹಗಲೆಲ್ಲ ಇಬ್ಬರ ಕುರಿಗಳೂ ಬೆರೆತು ಮೇಯುತ್ತಿದ್ದವು. ಹಾಲು ಕುಡಿಯುವ ಮರಿಗಳನ್ನು ಮಾತ್ರ ದೊಡ್ಡಿಯಲ್ಲೇ ಬಿಟ್ಟುಹೋಗುವುದು ರೂಢಿ.

ಸಂಜೆಯಾಯಿತೆಂದರೆ ಶುರುವಾಗುತ್ತಿತ್ತು ಗೋಳು. ಮರಿಗಳೆಲ್ಲ ಒಂದೇ ಬಣ್ಣ, ಒಂದೇ ಕೂಗು. ಯಾವುದು ತನ್ನದೆಂದು ತಾಯಿಗೆ ಗೊತ್ತಾಗುತ್ತಿರಲಿಲ್ಲ. ಗಟ್ಟಿ ಮರಿಗಳು ನುಗ್ಗಿ ಕಂಡ ಕೆಚ್ಚಲಿಗೆಲ್ಲ ಬಾಯಿ ಹಾಕುತ್ತಿದ್ದವು. ಬಡಕಲು ಮರಿಗಳು ಬೇಲಿಯ ಪಕ್ಕ ಬಿದ್ದುಕೊಳ್ಳುತ್ತಿದ್ದವು, ಬೆಳಗ್ಗೆ ಏಳುತ್ತಿರಲಿಲ್ಲ.

“ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರ. ಇವಕ್ಕ ತಾವು ಹೆತ್ತಿದ್ದು ಯಾವುದಂತನೂ ಗೊತ್ತಿಲ್ಲಲ್ಲವ್ವಾ,” ಎಂದು ಹೊನ್ನವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಹೀಗಿರುವಾಗ ಮಾಳವ್ವನ ಮುದ್ದಿನ ಕುರಿ ಕೆಂಚಿ ಮರಿ ಹಾಕಿತು. ಕೆಂಚಿಗೆ ಅದು ಚೊಚ್ಚಲು. ಮರಿಯೋ, ಅಂಗೈಯಲ್ಲಿ ಹಿಡಿಸುವಷ್ಟು. ಕೆಂಚಿ ಅದನ್ನು ಒಮ್ಮೆ ನೆಕ್ಕಿತು. ಆಮೇಲೆ ಮೇಯಲು ಹೋಗಿ ಬಂತು, ಮರಿ ಹತ್ತಿರ ಬಂದರೆ ಯಾರೋ ಏನೋ ಎಂದು ಒದ್ದುಬಿಟ್ಟಿತು.

ಮಾಳವ್ವ ಹಾಲು ಹಿಂಡಿ, ಬಟ್ಟೆಯ ಬತ್ತಿ ಅದ್ದಿ ಮರಿಯ ಬಾಯಿಗಿಟ್ಟಳು. ಮರಿ ನುಂಗಲಿಲ್ಲ. ತಾಯಿಯ ಕಡೆಗೇ ನೋಡುತ್ತ ಮಲಗಿತು. ಅದರ ಎದೆ ಪಟಪಟ ಬಡಿದುಕೊಳ್ಳುವುದು ಬೆರಳಿಗೆ ತಾಗಿ ಮಾಳವ್ವನಿಗೆ ಅಳು ಬಂತು. ಇನ್ನೊಂದು ಸಂಜೆ ಹಾಲಿಲ್ಲದೆ ಹೋದರೆ ಈ ಮರಿ ಉಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಗಾಳಿ ಬಂದ. ಹುಲ್ಲನ್ನೆಲ್ಲ ಒಂದು ಪಕ್ಕಕ್ಕೆ ಬಾಗಿಸಿ ಕುಳಿತ.

“ಯಾಕ ತಂಗಿ, ಅಳಾಕತ್ತೀಯಲ್ಲ?”

“ಅಣ್ಣಾ, ನೀ ಎಲ್ಲಾರ ಮೂಗಿನಾಗೂ ಹೊಕ್ಕು ಬರಾಂವ. ನನ್ನ ಕೆಂಚಿ ಮೂಗಿನಾಗ ಏನೈತಿ ನೋಡಿ ಹೇಳು. ಹೆತ್ತ ಮರಿ ಯಾಕ ಗುರುತು ಸಿಗವಲ್ದು ಅದಕ್ಕ?”

ಗಾಳಿಗೆ ನಾಚಿಕೆಯಾಯಿತು. ದಿನಾ ಹೋಗಿ ಬರುವ ಮನೆ, ಒಂದು ದಿನವೂ ಕಣ್ಣೆತ್ತಿ ನೋಡಿರಲಿಲ್ಲ. ಕೆಂಚಿ ಉಸಿರೆಳೆದುಕೊಂಡಾಗ ಒಳಗೆ ಹೋದ. ಉಸಿರು ಬಿಟ್ಟಾಗ ಹೊರಗೆ ಬಂದ. ಬಂದವನು ಮಾಳವ್ವನ ಪಕ್ಕಕ್ಕೆ ಸರಿದು ಕುಳಿತ.

“ತಂಗಿ, ಏನ್ ಹೇಳ್ಲಿ,” ಎಂದ ಮೆಲ್ಲಗೆ. “ಒಳಗೊಂದು ತ್ಯಾವದ ಹುಲ್ಲುಗಾವಲ ಐತಿ. ಅದರಾಗ ಲೆಕ್ಕ ಇಲ್ದಷ್ಟು ಮಂದಿ. ಧೂಳಿನ ಕಣಕ್ಕಿಂತ ಸಣ್ಣವರು. ಒಬ್ಬೊಬ್ಬರಿಗೂ ಒಂದs ಒಂದು ವಾಸನಿ ಚೂರು ಗೊತ್ತು. ಹಾಲಿನ ಸಿಹಿ ಬಲ್ಲಾಂವಗ ಹೊಗಿ ಗೊತ್ತಿಲ್ಲ. ಹೊಗಿ ಬಲ್ಲಾಕಿಗೆ ಹಸಿ ಹುಲ್ಲು ಗೊತ್ತಿಲ್ಲ. ತಮ್ಮದು ಬಂತಂದ್ರ ಸಾಕು, ಬಂತು ಬಂತು ಅಂತ ಎಲ್ಲಾರೂ ಒಮ್ಮೆಲೇ ಒದರ್ತಾರ. ಅವರ ತಲಿಮ್ಯಾಲಿನ ಚಾವಣಿ ಎಲುಬಿಂದು, ಜರಡಿಯಂಗ ತೂತು ತೂತು. ಅದರಾಚಿ ಒಳಮನಿ. ಅಲ್ಲಿ ನೆನಪವ್ವ ಅಂತ ಒಬ್ಬಾಕಿ ಮುದುಕಿ ಕಿವಿ ಮುಚ್ಚಿಕೊಂಡು ಕುಂತಾಳ. ಪಾಪ, ಆ ಗದ್ದಲದಾಗ ಆಕಿಗೇನು ತಿಳಿದೀತು?”

ಮಾಳವ್ವ ಬಾಯಿಮೇಲೆ ಕೈಯಿಟ್ಟುಕೊಂಡಳು. ದಿನವೂ ತಾನು ತಡವುವ ಆ ಪುಟ್ಟ ಮೂಗಿನೊಳಗೆ ಇಷ್ಟು ದೊಡ್ಡ ಲೋಕವೇ? ಅವಳು ತನ್ನ ಮೂಗನ್ನೂ ಒಮ್ಮೆ ಮುಟ್ಟಿ ನೋಡಿಕೊಂಡಳು.

ಕುರಿ ಕಾಯುವವಳ ಕೈಯಲ್ಲಿ ಉಣ್ಣೆ ಇಲ್ಲದೆ ಇರುತ್ತದೆಯೆ? ಎಳೆ ಎಳೆಯಾಗಿ ಬಿಡಿಸಿ ಗಾಳಿಯ ಕೈಗೆ ಕೊಟ್ಟಳು. “ಒದರೂದು ಬ್ಯಾಡ ಅನ್ನು. ಒಬ್ಬೊಬ್ಬರೂ ಒಂದೊಂದು ಎಳಿ ಹಿಡೀಲಿ. ಜರಡಿ ತೂತಿನಾಗ ಹಾಯಿಸಿ ನೆನಪವ್ವನ ಮನಿಗೆ ಒಯ್ಯಲಿ. ತಮ್ಮದು ಬಂದಾಗ ಜಗ್ಗಲಿ. ಒಂಟಿ ಎಳಿ ಹರಿದು ಹೋಗತೈತಿ, ಅದಕ್ಕ ಅಕ್ಕಪಕ್ಕದವರೆಲ್ಲ ಕೂಡಿಸಿ ಹುರಿ ಹಾಕಲಿ.”

ನೂಲುವವಳ ಬುದ್ಧಿ ಅದು. ಪಕ್ಕದ ಎಳೆಗೆ ಪಕ್ಕದ ಎಳೆ ಸೇರಿಸಿದರೆ ತಾನೇ ಕಂಬಳಿಯ ನೂಲು ಗಟ್ಟಿ?

ಗಾಳಿ ಹಾಗೇ ಮಾಡಿಸಿದ. ಆದರೆ ಮೂಗು ಕಂಬಳಿಯಲ್ಲ. ಪಕ್ಕಪಕ್ಕದಲ್ಲಿ ನಿಂತವರು ಬೇರೆ ಬೇರೆ ವಾಸನೆ ಬಲ್ಲವರು. ಹಾಲು, ಹೊಗೆ, ಹಸಿ ಹುಲ್ಲು ಎಲ್ಲ ಒಂದೇ ಹುರಿಯಲ್ಲಿ ಸೇರಿಹೋದವು. ಹುರಿ ಅಲುಗಿದಾಗ ಯಾವುದಕ್ಕೆ ಅಲುಗಿತೋ ನೆನಪವ್ವನಿಗೆ ತಿಳಿಯಲಿಲ್ಲ. ಕೆಂಚಿ ಹೋಗಿ ಬೇಲಿಯ ಮುಳ್ಳನ್ನು ಪ್ರೀತಿಯಿಂದ ನೆಕ್ಕಿತು. ನಾಲಿಗೆ ಚುಚ್ಚಿಸಿಕೊಂಡು ಬಂದು ಮರಿಯನ್ನು ಮತ್ತೆ ಒದೆಯಿತು.

ಈ ಸಲ ಮರಿ ಬಿದ್ದಲ್ಲಿಂದ ಏಳಲಿಲ್ಲ. ಮಾಳವ್ವ ಅದನ್ನು ಮಡಿಲಿಗೆ ಹಾಕಿಕೊಂಡು ದೊಡ್ಡಿಯ ಬಾಯಲ್ಲಿ ಕುಳಿತಳು. ನಾನೇ ಕೊಂದೆ ಎಂದು ಅವಳಿಗೆ ಅನ್ನಿಸಿತು.

ಮಾರನೆಯ ಸಂಜೆ ಹೊನ್ನವ್ವ ಕುರಿ ಹೊಡೆದುಕೊಂಡು ಬಂದಳು. ಮರಿಯಲ್ಲಿ ಇನ್ನೂ ಒಂದಿಷ್ಟು ಉಸಿರಿತ್ತು. ಮಾಳವ್ವ ತಲೆ ಎತ್ತಿ ಸುಮ್ಮನೆ ಬಯಲು ನೋಡುತ್ತಿದ್ದಳು. ಹಗಲೆಲ್ಲ ಬೆರೆತು ಮೇಯ್ದ ಕುರಿಗಳು, ಇವಳ ಕುರಿಯ ಪಕ್ಕ ಅತ್ತೆಯ ಕುರಿ, ಅತ್ತೆಯ ಕುರಿಯ ಪಕ್ಕ ಇವಳದು. ದೊಡ್ಡಿ ಹತ್ತಿರ ಬರುತ್ತಿದ್ದಂತೆ ಯಾರೂ ಹೇಳದೆ, ಯಾರೂ ಬೇರ್ಪಡಿಸದೆ, ಇವಳವು ಈ ಕಡೆಗೆ, ಅತ್ತೆಯವು ಆ ಕಡೆಗೆ ತಿರುಗಿದವು. ದಿನಾ ನೋಡುವ ನೋಟವೇ. ಇವತ್ತು ಅವಳಿಗೆ ಮೈ ಜುಮ್ಮೆಂದಿತು.

“ಅತ್ತೀ, ಇವನ್ನ ಮೇಯುವಾಗ ಯಾಕ ಬ್ಯಾರೆ ಮಾಡೂದಿಲ್ಲ ನಾವು?”

“ಯಾಕ ಮಾಡಬೇಕ? ಒಂದs ಕಡೆ ನನ್ನವು ಎಲ್ಲಾ ಇದ್ದು, ಅಲ್ಲಿಗೆ ತೋಳ ಬಂದ್ರ ನನ್ನ ದೊಡ್ಡಿನs ಖಾಲಿ. ಮೇಯುವಾಗ ಬೆರಕಿ ಇರಲಿ, ಮನಿಗೆ ಬರುವಾಗ ಅವರವರ ದೊಡ್ಡಿಗೆ ಬಂದ್ರ ಸಾಕು.”

ಮಾಳವ್ವ ಎದ್ದು ನಿಂತಳು. “ಅಣ್ಣಾ!” ಎಂದು ಗಾಳಿಯನ್ನು ಕೂಗಿದಳು. “ಹುರಿ ಬಿಚ್ಚಿಸು. ಅವರು ಹುಲ್ಲುಗಾವಲದಾಗ ಎಲ್ಲಿ ಬೇಕಾದ್ರೂ ಬೆರೆತು ನಿಂದರಲಿ. ಆದ್ರ ನೆನಪವ್ವನ ಅಂಗಳದಾಗ ಸಣ್ಣ ಸಣ್ಣ ದೊಡ್ಡಿ ಕಟ್ಟಿಸು. ಹಾಲು ಬಲ್ಲವರ ಎಳಿ ಎಲ್ಲಾ ಒಂದು ದೊಡ್ಡಿಗೆ. ಹೊಗಿ ಬಲ್ಲವರದೆಲ್ಲಾ ಇನ್ನೊಂದಕ್ಕ.”

ಗಾಳಿ ಒಳಗೆ ಹೋದ. ಕೆಂಚಿ ಒಂದು ಸೀನು ಸೀನಿತು. ಒಳಗೆ ಎಳೆಗಳೆಲ್ಲ ಬಿಡಿಬಿಡಿಯಾಗಿ, ತಮ್ಮವರನ್ನು ಹುಡುಕಿಕೊಂಡು, ಜರಡಿ ದಾಟಿ, ತಮ್ಮ ತಮ್ಮ ದೊಡ್ಡಿ ಸೇರಿದವು. ಎಷ್ಟೋ ದೂರದಲ್ಲಿ ಚೆದುರಿ ನಿಂತವರ ಎಳೆಗಳು ಒಂದೇ ಕಡೆ ಬಂದು ಕೂಡಿದವು. ಗದ್ದಲ ನಿಂತಿತು.

ಮಾಳವ್ವ ಮರಿಯನ್ನು ತಂದು ಕೆಂಚಿಯ ಮುಂದಿಟ್ಟಳು. ಕೆಂಚಿ ಮೂಸಿತು.

ನೆನಪವ್ವನ ಅಂಗಳದಲ್ಲಿ ಹಾಲಿನ ದೊಡ್ಡಿ ಅಲುಗಿತು. ಒದ್ದೆ ಉಣ್ಣೆಯ ದೊಡ್ಡಿ ಅಲುಗಿತು. ಕೆಂಚಿಯದೇ ಎಂಜಲಿನ ದೊಡ್ಡಿ ಅಲುಗಿತು. ಮುದುಕಿ ಕಿವಿಯಿಂದ ಕೈ ತೆಗೆದಳು. ಒಂದೊಂದೇ ದೊಡ್ಡಿ ಅಲುಗಿದರೆ ಅದು ಹಾಲು, ಉಣ್ಣೆ, ಎಂಜಲು. ಈ ದೊಡ್ಡಿಗಳು ಹೀಗೆ ಒಟ್ಟಿಗೆ ಅಲುಗಿದರೆ ಅದು ಈ ಲೋಕದಲ್ಲಿ ಒಂದೇ ಒಂದು. ಕಣ್ಣು ಕಂಡದ್ದು, ಕಿವಿ ಕೇಳಿದ್ದು ಆಕೆಯ ಹತ್ತಿರ ಬರಬೇಕಾದರೆ ಒಳಮನೆಯ ತಲಬಾಗಿಲಲ್ಲಿ ನಿಂತ ಕಾವಲುಗಾರನನ್ನು ಕೇಳಿ ಬರಬೇಕು. ಈ ವಾಸನೆ ಮಾತ್ರ ನೆಟ್ಟಗೆ ಅಂಗಳಕ್ಕೇ ಬಂದಿತ್ತು.

“ಅಯ್ಯ, ಇದು ನಮ್ಮ ಕೂಸು,” ಎಂದಳು ನೆನಪವ್ವ.

ಕೆಂಚಿಯ ಗಂಟಲಿನಿಂದ ಎಂದೂ ಕೇಳದ ಒಂದು ಸಣ್ಣ ದನಿ ಹೊರಟಿತು. ಅದು ಮರಿಯನ್ನು ಮೂತಿಯಿಂದ ಎತ್ತಿ ನಿಲ್ಲಿಸಿ, ಕಾಲು ಅಗಲಿಸಿ, ಕೆಚ್ಚಲು ಕೊಟ್ಟಿತು. ಮರಿಯ ಬಾಲ ಅಲ್ಲಾಡತೊಡಗಿತು. ಹೊನ್ನವ್ವ ಹತ್ತಿರ ಬಂದಳು. ಸೊಸೆಯ ಹೆಗಲ ಮೇಲೆ ಕೈ ಇಟ್ಟು ನಿಂತಳು.

ಗಾಳಿ ಸುಮ್ಮನಿರುವವನೇ? ಅದೇ ಪಾಠವನ್ನು ಎಲ್ಲರ ಮೂಗಿನೊಳಗೂ ಹೋಗಿ ಹೇಳಿದ. ಆ ಪುಟ್ಟ ಮಂದಿಯ ಆಯುಷ್ಯ ಬಹಳ ಸಣ್ಣದು. ಹಳಬರು ಹೋಗುತ್ತಾರೆ, ಹೊಸಬರು ಹುಟ್ಟುತ್ತಾರೆ. ಹುಟ್ಟಿದವರು ತಮ್ಮ ಎಳೆ ಹಿಡಿದು ಜರಡಿ ದಾಟಿ ಹೋಗುವುದು ಅದೇ ಹಳೆಯ ದೊಡ್ಡಿಗೇ. ದಾರಿ ಅವರಿಗೆ ಹೇಗೆ ತಿಳಿಯುತ್ತದೆ ಎಂದು ಗಾಳಿಯನ್ನು ಕೇಳಿದರೆ, ಅವನು ಇವತ್ತಿಗೂ ಹುಲ್ಲನ್ನೊಮ್ಮೆ ಬಾಗಿಸಿ ಮುಂದೆ ಹೋಗಿಬಿಡುತ್ತಾನೆ.

ಅದಕ್ಕೇ ಕಂದಾ, ತಾಯಿಕುರಿ ಮರಿಯ ಬಾಲ ಮೂಸಿ ನೋಡದೆ ಇಂದಿಗೂ ಹಾಲು ಬಿಡುವುದಿಲ್ಲ, ನೀನು ಕತ್ತಲಲ್ಲಿ ಕಣ್ಣು ಮುಚ್ಚಿಕೊಂಡು ಅವ್ವನ ಸೆರಗಿಗೆ ಮೂಗು ಒತ್ತಿದರೆ, ಅವ್ವ ಅನ್ನುವ ಮಾತು ಬರುವುದಕ್ಕೂ ಮೊದಲೇ ಅವ್ವ ನಿನ್ನ ನೆನಪವ್ವನ ಅಂಗಳಕ್ಕೆ ಬಂದುಬಿಡುತ್ತಾಳೆ.