ನೆರಳಿನ ಅರ್ಧ ಗಂಟೆ

"ಗುರುಗಳೇ, ಯಾರ ಕಣ್ಣಿಗೂ ಬೀಳದ ತಪ್ಪಿಗೆ ನಾಚಿಕೆ ಏಕೆ?" ಎಂದು ಶಿಷ್ಯನೊಬ್ಬ ಕೇಳಿದ. ಗುರುಗಳು ಈ ಕತೆ ಹೇಳಿದರು.

ಭೂಮಿಯನ್ನು ಸುತ್ತುವ ಒಂದು ಕಾರ್ಖಾನೆಯಲ್ಲಿ ಇಬ್ಬರು ಕಾವಲಿನವರಿದ್ದರು. ಒಬ್ಬಳು ಮುದುಕಿ, ಇನ್ನೊಬ್ಬ ಯುವಕ. ದೂರದ ಗ್ರಹಗಳಿಗೆ ಹೋಗುವ ನೌಕೆಗೆ ಇಂಧನವಾಗುವ ಪ್ರತಿದ್ರವ್ಯವನ್ನು ಅಲ್ಲಿ ತಯಾರಿಸಿ ಕೂಡಿಡುತ್ತಿದ್ದರು. ಅದು ನಮ್ಮ ಲೋಕದ ಯಾವ ವಸ್ತುವನ್ನು ಮುಟ್ಟಿದರೂ ಎರಡೂ ಉರಿದು ಇಲ್ಲವಾಗುತ್ತವೆ. ಆದ್ದರಿಂದ ಅದನ್ನು ಪಾತ್ರೆಯ ಗೋಡೆಗೂ ತಾಗದಂತೆ ಅಯಸ್ಕಾಂತಗಳ ಬಲದಿಂದ ನಡುವೆ ತೇಲಿಸಿಡಬೇಕು. ವರ್ಷವಿಡೀ ದುಡಿದರೂ ಕೂಡುತ್ತಿದ್ದುದು ಕಣ್ಣಿಗೆ ಕಾಣದಷ್ಟು.

ವಿದ್ಯುತ್ತು ಬಿಸಿಲಿನದು. ಕಾರ್ಖಾನೆ ಭೂಮಿಯ ನೆರಳನ್ನು ಹೊಕ್ಕಾಗ ಅರ್ಧ ಗಂಟೆ ಬ್ಯಾಟರಿಯೇ ಗತಿ. ಆಗ ಪಾಳಿಯಲ್ಲಿದ್ದವರು ತಮ್ಮ ಕೋಣೆಯ ಹೀಟರ್ ಆರಿಸಿ ಚಳಿಯಲ್ಲಿ ಕೂರಬೇಕು. ಇದ್ದಬದ್ದ ವಿದ್ಯುತ್ತೆಲ್ಲ ಅಯಸ್ಕಾಂತಕ್ಕೆ. ಅದು ಅಲ್ಲಿನ ಕಟ್ಟಳೆ.

ಒಂದು ಸಲ ಯುವಕನಿಗೆ ಚಳಿ ತಡೆಯಲಾಗಲಿಲ್ಲ. ಇಷ್ಟರಿಂದ ಯಾರ ಗಂಟೇನು ಹೋಗುತ್ತದೆ ಎಂದುಕೊಂಡು ಹೀಟರ್ ಹಾಕಿದ. ಬ್ಯಾಟರಿ ಸೋತಿತು, ಅಯಸ್ಕಾಂತದ ಹಿಡಿತ ಸಡಿಲಿತು, ಆರು ತಿಂಗಳ ದುಡಿಮೆ ಗೋಡೆಗೆ ತಾಗಿ ಸದ್ದಿಲ್ಲದೆ ಉರಿದುಹೋಯಿತು. ಅವನು ಯಾರಿಗೂ ಹೇಳಲಿಲ್ಲ.

ಇಂಧನ ಸಾಲದೆ ನೌಕೆಯ ಪಯಣವನ್ನು ಮುಂದೂಡಬೇಕಾಯಿತು. ಮೇಲಧಿಕಾರಿ ಬಂದು ವಿಚಾರಿಸಿದ. ಯುವಕ ತಲೆ ತಗ್ಗಿಸಿ ನಿಂತ. ಮುದುಕಿ ಅವನತ್ತ ಒಮ್ಮೆ ನೋಡಿ, ನನ್ನ ಪಾಳಿಯಲ್ಲೇ ಆಗಿರಬೇಕು, ವಯಸ್ಸಾಯಿತು, ಮರೆವು ಹೆಚ್ಚು ಎಂದಳು. ಮೂವತ್ತು ವರ್ಷ ಒಂದು ಕಣವನ್ನೂ ಕಳೆಯದವಳನ್ನು ಅದೇ ದಿನ ಕೆಲಸದಿಂದ ತೆಗೆದು ಕೆಳಕ್ಕೆ ಕಳಿಸಿದರು.

ಹೊರಡುವಾಗ, ಇಳಿಯುವ ವಾಹನದ ಬಾಗಿಲಲ್ಲಿ, ಅವಳು ತನ್ನ ಕಂಬಳಿಯನ್ನು ಯುವಕನ ಕೈಗಿಟ್ಟಳು. "ಚಳಿ ತಡೆಯೋಕಾಗಲ್ಲ ಅಂತ ಒಂದು ಮಾತು ಹೇಳಬಾರದಿತ್ತೇನಪ್ಪ? ಇದನ್ನ ಅವತ್ತೇ ಕೊಡ್ತಿದ್ದೆ" ಎಂದಳು. ಅವನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ನುಂಗಲು ಕಾಲ ಕೆಳಗೆ ಭೂಮಿಯೂ ಇರಲಿಲ್ಲ. ಬಾಗಿಲು ಮುಚ್ಚುವವರೆಗೂ ಅವನು ಕಂಬಳಿ ಹಿಡಿದು ನಿಂತೇ ಇದ್ದ.

ಇಷ್ಟಕ್ಕೆ ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೆರಳಿದ. "ಎಂಥ ಹೇಡಿ ಅವನು. ಬಾಗಿಲು ಮುಚ್ಚುವ ಮುನ್ನವಾದರೂ ನಿಜ ಹೇಳಬಹುದಿತ್ತಲ್ಲ?"

ಗುರುಗಳು ಹೇಳಿದರು: "ನಿನ್ನ ತಪ್ಪನ್ನು ತನ್ನದೆಂದು ಒಪ್ಪಿಕೊಂಡು ಬೆಳಿಗ್ಗೆ ಮಠ ಬಿಟ್ಟ ಮರುಳಯ್ಯ ಇನ್ನೂ ಹೊಳೆ ದಾಟಿರಲಿಕ್ಕಿಲ್ಲ."