ವಸಂತಮ್ಮನ ಎಡಗಾಲಿನ ಬೂಟು

ಭೂಮಿಗೆ ಬಳಿದ ಬಣ್ಣ ಇನ್ನೂ ಆರಿರದ ಕಾಲ ಅದು. ಯಾವ ಕಡೆ ಹರಿಯಲಿ ಎಂದು ನದಿಗಳು ಗಾಳಿಯನ್ನು ಕೇಳುತ್ತಿದ್ದವು. ಗಾಳಿ ತನಗೆ ತೋಚಿದ ಕಡೆ ಕೈ ತೋರಿಸುತ್ತಿತ್ತು. ಅದಕ್ಕೇ ನದಿಗಳು ಇವತ್ತಿಗೂ ಅಷ್ಟು ಸೊಟ್ಟ.

ಆಗ ಪಡುವಣ ಕಡಲಿನಾಚೆ, ಐರ್ಲೆಂಡ್ ಎಂಬ ದ್ವೀಪದಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಅಣ್ಣ ಫಿಂಟಾನ್, ತಮ್ಮ ಲೋರ್ಕಾನ್. ಇಬ್ಬರೂ ಲೆಪ್ರಕಾನರು. ಲೆಪ್ರಕಾನ್ ಎಂದರೆ ಗೇಣುದ್ದದ ಮನುಷ್ಯ. ಮಂಡಿಗೆ ತಾಗುವ ಗಡ್ಡ, ಕೈಯಲ್ಲಿ ಸದಾ ದಬ್ಬಳ ಮತ್ತು ದಾರ. ಬೂಟು ಹೊಲಿಯುವುದೇ ಅವರ ಕಸುಬು.

ಈ ಇಬ್ಬರದು ಒಂದು ಪದ್ಧತಿ. ಅಣ್ಣ ಎಡಗಾಲಿನ ಬೂಟನ್ನು ಮಾತ್ರ ಹೊಲಿಯುತ್ತಿದ್ದ, ತಮ್ಮ ಬಲಗಾಲಿನದನ್ನು ಮಾತ್ರ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವಂತಿರಲಿಲ್ಲ. ಒಂದೇ ಬಂಡೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತು ಹೊಲಿಯುತ್ತಿದ್ದರು.

ಒಂದು ದಿನ ವಸಂತಮ್ಮನಿಂದ ಹೇಳಿಕೆ ಬಂತು. ನಮ್ಮ ಎದುರುಮನೆಯ ವಸಂತಮ್ಮ ಅಲ್ಲ, ಚಳಿಗಾಲವನ್ನು ಓಡಿಸಿ ಹೂವು ತರುವ ವಸಂತಮ್ಮ. ಅವಳು ಕಾಲಿಟ್ಟಲ್ಲೆಲ್ಲ ಹುಲ್ಲು ಚಿಗುರುತ್ತಿತ್ತು. ಆದರೆ ಹಿಮದ ಮೇಲೆ ಬರಿಗಾಲಲ್ಲಿ ನಡೆದು ನಡೆದು ಅವಳ ಪಾದ ಒಡೆದುಹೋಗಿತ್ತು. ಬೂಟು ಸಿಕ್ಕರೆ ಬರುತ್ತೇನೆ, ಇಲ್ಲದಿದ್ದರೆ ನಿಮ್ಮ ದ್ವೀಪಕ್ಕೆ ನಾನು ಬರುವುದೇ ಕಷ್ಟ ಎಂದು ಗಾಳಿಯ ಕೈಲಿ ಹೇಳಿ ಕಳಿಸಿದ್ದಳು.

ಅಂಥ ಬೂಟು ಸುಮ್ಮನೆ ಆಗುವುದಿಲ್ಲ. ಅಣ್ಣತಮ್ಮಂದಿರು ಸಾವಿರ ವರ್ಷ ಹೊಲಿದರು. ಮುಗಿದ ದಿನ ವಸಂತಮ್ಮ ಅಳತೆ ನೋಡಲು ದ್ವೀಪದ ಅಂಚಿಗೆ ಬಂದು ಕೂತಳು. ಮೊದಲು ಎಡಗಾಲಿಗೆ ಹಾಕಿದಳು.

"ಏನು ಹೊಲಿಗೆ ಇದು! ನನ್ನ ಕಾಲಿನ ಜೊತೆಗೇ ಹುಟ್ಟಿದ ಹಾಗಿದೆ" ಎಂದಳು.

ಆಮೇಲೆ ಬಲಗಾಲಿಗೆ ಹಾಕಿದಳು. ಲೋರ್ಕಾನ್ ಹತ್ತಿರ ಸರಿದು ಕಾದ. ವಸಂತಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಒಂದು ಬಾನಾಡಿ ಕೂಗಿತು, ಅವಳು ಅತ್ತ ತಿರುಗಿದಳು, ಹೇಳಬೇಕಿದ್ದ ಮಾತು ಮರೆತೇ ಹೋಯಿತು. ಬೂಟಿಗೆ ಬಕಲ್ ಹಾಕಿಡಿ, ನಾಳೆ ಬರುತ್ತೇನೆ ಎಂದು ಹೊರಟುಬಿಟ್ಟಳು.

ಲೋರ್ಕಾನನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅಕ್ಕನ ತಟ್ಟೆಗೆ ದೊಡ್ಡ ಹೋಳಿಗೆ ಬಿದ್ದಾಗ ನಿನಗೆ ಆಗುತ್ತದಲ್ಲ, ಅದೇ. ನೀನು ಮೂತಿ ಊದಿಸಿಕೊಂಡು ಸುಮ್ಮನಾಗುತ್ತೀಯ. ಅವನು ಸುಮ್ಮನಾಗಲಿಲ್ಲ. ಬಕಲ್ ತರಲು ದೂರ ಹೋದ ಅಣ್ಣ ಮರಳುವುದು ಬೆಳಿಗ್ಗೆಯೇ. ಅವನು ಅತ್ತ ಹೋದದ್ದೇ ತಮ್ಮ ಎಡಗಾಲಿನ ಬೂಟನ್ನು ಎತ್ತಿಕೊಂಡು ಹುಲ್ಲುಗಾವಲಿಗೆ ಓಡಿದ. ಒಂದು ಮೂರೆಲೆಯ ಗಿಡದ ಬುಡದಲ್ಲಿ ಗುಂಡಿ ತೋಡಿ ಹೂತಿಟ್ಟ. ನಾಳೆ ವಸಂತಮ್ಮ ತನ್ನ ಬೂಟನ್ನೊಂದನ್ನೇ ನೋಡಲಿ, ಅದನ್ನೇ ಹೊಗಳಲಿ, ಆಮೇಲೆ ಇದನ್ನು ತಂದುಕೊಟ್ಟರಾಯಿತು ಎಂಬುದು ಅವನ ಲೆಕ್ಕ.

ಜಾಗ ಮರೆಯಬಾರದಲ್ಲ. ಚರ್ಮಕ್ಕೆ ಗೆರೆ ಎಳೆಯುವ ಸೀಮೆಸುಣ್ಣದಿಂದ ಆ ಗಿಡದ ಮೂರೂ ಎಲೆಗಳ ಮೇಲೆ ಹಿಮ್ಮಡಿಯ ಆಕಾರದ ಬಿಳಿ ಗುರುತು ಬರೆದ. ಬಲು ಜಾಣ ಎಂದುಕೊಂಡು ಮನೆಗೆ ಹೋದ.

ಆ ಗಿಡಕ್ಕೆ ಶ್ಯಾಮ್ರಾಕ್ ಎಂದು ಹೆಸರು. ಹುಲ್ಲುಗಾವಲಿನ ತುಂಬ ಅದೇ ಗಿಡ, ಲಕ್ಷಗಟ್ಟಲೆ. ಎಲ್ಲವೂ ಒಂದೇ ಹಸಿರು. ಈಗ ಒಂದಕ್ಕೆ ಮಾತ್ರ ಬಿಳಿ ಗುರುತು ಬಂದಿತ್ತು. ಅದರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನೋಡ್ರೇ, ನನಗೆ ಮಾತ್ರ ಬೆಳ್ಳಿ ಬಳೆ" ಎಂದು ಎಲೆ ಅಲ್ಲಾಡಿಸಿ ಅಲ್ಲಾಡಿಸಿ ತೋರಿಸಿತು.

ಪಕ್ಕದ ಗಿಡ ಮುಖ ಹುಳ್ಳಗೆ ಮಾಡಿಕೊಂಡಿತು. ಅದರ ಪಕ್ಕದ್ದು ಇನ್ನೂ ಹುಳ್ಳಗೆ. ಅವಳಿಗೇಕೆ, ನನಗೇಕಿಲ್ಲ? ಅವಳಿಗೇಕೆ, ನನಗೇಕಿಲ್ಲ? ಹುಲ್ಲುಗಾವಲಿನ ಈ ತುದಿಯಿಂದ ಆ ತುದಿಯವರೆಗೆ ಅದೇ ಮಾತು.

ಹಿಮ ಅಲ್ಲೇ ಕಲ್ಲಿನ ನೆರಳಲ್ಲಿ ಮಲಗಿ ಕೇಳುತ್ತಿತ್ತು. ಎಲ್ಲರೂ ವಸಂತಮ್ಮ ವಸಂತಮ್ಮ ಎಂದು ಕುಣಿಯುತ್ತಾರೆ, ತನ್ನನ್ನು ಬಾ ಎಂದು ಕರೆದವರೇ ಇಲ್ಲ ಎಂಬ ಸಂಕಟ ಅದಕ್ಕೂ ಇತ್ತು. ಗಿಡಗಳೆಲ್ಲ ತಮಗೂ ಬಳೆ ಬೇಕೆಂದು ಹಿಮವನ್ನು ಬೇಡಿಕೊಂಡವು. ಹಿಮ ಎದ್ದು ಬಂತು. ತಣ್ಣನೆಯ ಉಗುರಿನಿಂದ ಒಂದೊಂದು ಎಲೆಯ ಮೇಲೂ ಗೀರಿತು. ಯಾರೊಬ್ಬರನ್ನೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ವಸಂತಮ್ಮ ಬಂದಳು. ಅವಳ ಹಿಂದೆ ಅಮ್ಮನ ಹಾಲು ಬತ್ತಿದ ಕುರಿಮರಿಗಳು ಹುಲ್ಲಿಗಾಗಿ ಕಾಯುತ್ತ ನಿಂತಿದ್ದವು. ಲೋರ್ಕಾನ್ ಬಲಗಾಲಿನ ಬೂಟು ಕೊಟ್ಟ. ಅವಳು ಹಾಕಿಕೊಂಡು, ನಿನ್ನೆಯೇ ಹೇಳಬೇಕೆಂದಿದ್ದೆ, ಎರಡೂ ಒಂದೇ ಕೈಯ ಹೊಲಿಗೆಯ ಹಾಗೆ ಎಷ್ಟು ಚೆಂದ, ಇನ್ನೊಂದು ಎಲ್ಲಿ ಎಂದು ಕೇಳಿದಳು.

ಲೋರ್ಕಾನ್ ಹುಲ್ಲುಗಾವಲಿಗೆ ಓಡಿದ. ಒಂದು ಗಿಡಕ್ಕೆ ಬಿಳಿ ಗುರುತು. ಅದರ ಪಕ್ಕದ ಗಿಡಕ್ಕೂ ಬಿಳಿ ಗುರುತು. ಕಣ್ಣು ಹಾಯುವವರೆಗೂ ಬಿಳಿ ಗುರುತು. ನಿಜವಾದದ್ದು ಯಾರು ಎಂದು ಕೂಗಿ ಕೇಳಿದ. ನಾನೇ, ನಾನೇ, ನಾನೇ ಎಂದವು ಲಕ್ಷ ಗಿಡಗಳು. ಮಾಡಿದ್ದುಣ್ಣೋ ಮಹಾರಾಯ!

ಉಗುರು ಕಿತ್ತುಬರುವ ತನಕ ಅಗೆದ. ಬೂಟು ಸಿಗಲಿಲ್ಲ. ಕೊನೆಗೆ ಅಣ್ಣನ ಮುಂದೆ ಬಂದು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಸಾವಿರ ವರ್ಷದ ಕೆಲಸ ಮಣ್ಣುಪಾಲಾಗಿತ್ತು. ಅಣ್ಣ ಹೊಡೆಯುತ್ತಾನೆ ಎಂದುಕೊಂಡಿದ್ದ. ಫಿಂಟಾನ್ ಹೊಡೆಯಲಿಲ್ಲ, ಬಂಡೆಯ ಮೇಲೆ ಕುಸಿದು ಕೂತ.

"ತಮ್ಮಾ, ಅವಳು ಹೊಗಳಿದ್ದು ನಿನ್ನ ಹೊಲಿಗೇನೇ ಕಣೋ" ಎಂದ. "ಕದ್ದು ಕದ್ದು ನಿನ್ನ ಕೈ ನೋಡಿ ಕಲಿತದ್ದು ನಾನು. ನಿನ್ನೆ ಅಲ್ಲೇ ಹೇಳಬೇಕಿತ್ತು. ಹೇಳೋಕೆ ನನ್ನ ಹೊಟ್ಟೆಕಿಚ್ಚು ಬಿಡಲಿಲ್ಲ."

ಇಬ್ಬರೂ ಅತ್ತರು. ಅತ್ತರೆ ಬೂಟು ಬರುತ್ತದೆಯೇ?

ವಸಂತಮ್ಮ ಕುರಿಮರಿಗಳನ್ನು ನೋಡಿದಳು. ಒಂಟಿ ಬೂಟಿನಲ್ಲೇ ಎದ್ದು ನಡೆದಳು. ಬಲಗಾಲು ಊರಿದಾಗ ಬಿಸಿಲು ಬಿತ್ತು, ಹುಲ್ಲು ಚಿಗುರಿತು. ಬರಿಯ ಎಡಗಾಲು ಹಿಮಕ್ಕೆ ತಾಗಿದಾಗ ನೋವಿಗೆ ಅವಳ ಕಣ್ಣಲ್ಲಿ ನೀರು ಬಂತು, ಮಳೆ ಸುರಿಯಿತು. ಒಂದು ಹೆಜ್ಜೆ ಬಿಸಿಲು, ಒಂದು ಹೆಜ್ಜೆ ಮಳೆ. ಆ ದ್ವೀಪದಲ್ಲಿ ವಸಂತ ಇವತ್ತಿಗೂ ಹಾಗೇ ಕುಂಟುತ್ತ ಬರುತ್ತದೆ.

ಫಿಂಟಾನ್ ಆವತ್ತೇ ಇನ್ನೊಂದು ಎಡಗಾಲಿನ ಬೂಟಿಗೆ ಕೂತ. ಇನ್ನೂ ಹೊಲಿಯುತ್ತಿದ್ದಾನೆ. ಅದಕ್ಕೇ ಲೆಪ್ರಕಾನನನ್ನು ಕಂಡವರು ಅವನ ತೊಡೆಯ ಮೇಲೆ ಒಂದೇ ಬೂಟು ಇತ್ತು ಎನ್ನುತ್ತಾರೆ. ಬಿಸಿಲು ಮಳೆ ಒಟ್ಟಿಗೆ ಬಂದು ಕಾಮನಬಿಲ್ಲು ಮೂಡಿದಾಗ ಹುಲ್ಲುಗಾವಲು ಫಳಫಳ ಹೊಳೆಯುತ್ತದೆ. ಆ ಬೆಳಕಿನಲ್ಲಾದರೂ ತಾನು ಬರೆದ ಗುರುತು ಕಂಡೀತು ಎಂದು ಲೋರ್ಕಾನ್ ಬಿಲ್ಲಿನ ಬುಡಕ್ಕೆ ಓಡಿ ಅಗೆಯುತ್ತಾನೆ. ಜನ ಅವನು ಚಿನ್ನದ ಗಡಿಗೆ ಹೂಳುತ್ತಿದ್ದಾನೆ ಎಂದುಕೊಂಡಿದ್ದಾರೆ. ಪಾಪ, ಅವನು ಹುಡುಕುತ್ತಿರುವುದು ಅಣ್ಣನ ಬೂಟನ್ನು.

ಮಾರ್ಚ್ ತಿಂಗಳಲ್ಲಿ ಸಂತ ಪ್ಯಾಟ್ರಿಕ್‌ನ ಹಬ್ಬದ ದಿನ ಆ ದೇಶದವರು ಶ್ಯಾಮ್ರಾಕ್ ಕಿತ್ತು ಅಂಗಿಗೆ ಸಿಕ್ಕಿಸಿಕೊಳ್ಳುತ್ತಾರೆ. ಎಂದಾದರೂ ನಿನ್ನ ಕೈಗೆ ಒಂದು ಸಿಕ್ಕರೆ ಹತ್ತಿರ ಹಿಡಿದು ನೋಡು, ಎಲೆಯ ಮೇಲೆ ಪುಟ್ಟ ಹಿಮ್ಮಡಿಯಂಥ ಬಿಳಿ ಗುರುತು ಕಾಣುತ್ತದೆ. ಬೂಟು ನಿನ್ನ ಬುಡದಲ್ಲಿದೆಯೇ ಎಂದು ಮಾತ್ರ ಅದನ್ನು ಕೇಳಬೇಡ, ಏಕೆಂದರೆ ಅದು ಈಗಲೂ ಪಕ್ಕದ ಗಿಡಕ್ಕೆ ಕೇಳಿಸುವಂತೆ "ನನ್ನ ಬುಡದಲ್ಲೇ" ಎನ್ನುತ್ತದೆ.