ಎದುರುಮನೆಯಲ್ಲಿಟ್ಟ ಹೆಪ್ಪು

ಮೊಸರು ಮಾರುವ ಸಾವಂತ್ರಮ್ಮ ಗೋಡೆಗೊರಗಿ ಕಣ್ಣು ಮುಚ್ಚಿದಾಗಲೆಲ್ಲ ಅವಳ ಅಡುಗೆಮನೆಯ ಪಾತ್ರೆಗಳಿಗೆ ಮಾತೂ ಕಾಲೂ ಬರುತ್ತಿದ್ದವು. ಆಗ ಪುಟ್ಟ ಬಟ್ಟಲು ದೊಡ್ಡ ಗಡಿಗೆಯಿಂದ ಒಂದು ಚಮಚ ಹೆಪ್ಪು ತೆಗೆದು, ಎದುರುಮನೆಯ ಕುಡಿಕೆಗೆ ಹಾಕಿ ಬರುತ್ತಿತ್ತು.

“ತವರಿಗೆ ಸಾಗಿಸುತ್ತೀಯೇನೇ, ಕಳ್ಳಿ?” ಎಂದು ಗಡಿಗೆ ಹಂಗಿಸಿತು. “ಇಡೀ ಓಣಿಗೆ ಸಾಲುವಷ್ಟು ಮೊಸರು ನನ್ನ ಹೊಟ್ಟೆಯಲ್ಲಿದೆ. ಈ ಮನೆಯಲ್ಲಿ ಹೆಪ್ಪಿಗೆ ಬರವೆ?”

“ಬರವಿಲ್ಲ ಅಕ್ಕ. ಆದರೆ ಇರುವುದೆಲ್ಲ ನಿನ್ನೊಬ್ಬಳ ಹೊಟ್ಟೆಯಲ್ಲೇ ಇದೆ,” ಎಂದಿತು ಬಟ್ಟಲು.

ಒಂದು ಸಂಜೆ ಸಾವಂತ್ರಮ್ಮ ಹೀಗೆ ಕಣ್ಣು ಮುಚ್ಚಿದ್ದಾಗ ಬೆಕ್ಕು ಅಟ್ಟದಿಂದ ಹಾರಿತು. ಗಡಿಗೆ ಉರುಳಿ ಚೂರಾಯಿತು, ಮೊಸರೆಲ್ಲ ಒಲೆಯ ಬೂದಿಯ ಪಾಲಾಯಿತು. ಪಕ್ಕದಲ್ಲಿ ಕಾಯಿಸಿಟ್ಟಿದ್ದ ಹಾಲು ತೂಕಡಿಸುತ್ತಲೇ ಹೇಳಿತು:

“ನಾನು ಆರುತ್ತಿದ್ದೇನೆ. ಈಗ ಹೆಪ್ಪು ಬೀಳದಿದ್ದರೆ ಬೆಳಗಾಗುವುದರೊಳಗೆ ಕೆಟ್ಟುಹೋಗುತ್ತೇನೆ. ಸಾವಂತ್ರಮ್ಮ ನಾಳೆ ಏನು ಮಾರುತ್ತಾಳೆ?”

ಬಟ್ಟಲು ಎದುರುಮನೆಗೆ ಓಡಿತು. ಅಲ್ಲಿ ಆಗಲೇ ದೇವರ ದೀಪ ಉರಿಯುತ್ತಿತ್ತು.

“ದೀಪ ಹಚ್ಚಿದ ಮೇಲೆ ಮನೆಯ ಹೆಪ್ಪು ಹೊರಗೆ ಕೊಡಬಾರದು ಕಣೇ,” ಎಂದಿತು ಕುಡಿಕೆ.

“ನಿನ್ನ ಮನೆಯದನ್ನು ಯಾರು ಕೇಳಿದರು ತಾಯಿ? ನಾನು ದಿನಾ ಇಟ್ಟುಹೋದದ್ದನ್ನು ತೆಗೆದುಕೊಂಡು ಹೋಗಲು ಬಂದೆ.”

ಕುಡಿಕೆ ನಕ್ಕು ತಲೆ ಬಾಗಿಸಿತು.

ಹೆಪ್ಪು ಬಿದ್ದ ಹಾಲು ಮೆಲ್ಲಮೆಲ್ಲಗೆ ಗಟ್ಟಿಯಾಗುತ್ತ, ನಿದ್ದೆಗಣ್ಣಿನಲ್ಲಿ ಕೇಳಿತು: “ನಾನೀಗ ಯಾರ ಮನೆಯ ಮೊಸರು?”

“ಎರಡೂ ಮನೆಯದು,” ಎಂದಿತು ಬಟ್ಟಲು. “ಅಲುಗಾಡದೆ ಮಲಗು. ಬೆಳಿಗ್ಗೆ ಗಿರಾಕಿಗಳು ಬರುತ್ತಾರೆ.”